ಪ್ಯಾರಿಸ್ಸಿಗೆ ಹೊರಟ ಟಿಫನ್ ಕ್ಯಾರಿಯರ್

ಮೇ ತಿಂಗಳ ಕೆಜಿಎಫ್‌ನಲ್ಲಿ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಓಡಾಡುವ ಮನುಷ್ಯನಿಗೆ ಎರಡೇ ಕಾರಣ ಇರಬಹುದು. ಒಂದು ಗಂಟಲು ಬೇನೆ, ಇಲ್ಲವೇ ಯುರೋಪು. ವಿಶ್ವನಾಥರ ಗಂಟಲು ಚೆನ್ನಾಗಿತ್ತು.

ಅವರು ಇಲ್ಲಿನ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ನಟ್ಟು, ಬೋಲ್ಟು, ಗೇರುಗಳ ನಕ್ಷೆ ಬರೆದು ಹೋದ ವರ್ಷ ನಿವೃತ್ತರಾದವರು. ತುಮಕೂರು ಕಡೆಯಿಂದ ಬಂದು, ಬಂಗಾರಪೇಟೆಯ ಇಂದ್ರಾಣಿಯನ್ನು ಮದುವೆಯಾಗಿ, ಇಲ್ಲಿನ ನಂದಿದುರ್ಗ ಗಣಿಯ ಹತ್ತಿರ ಮನೆ ಮಾಡಿಕೊಂಡು ನೆಮ್ಮದಿಯಾಗಿದ್ದರು. ಎಲ್ಲ ಕೆಟ್ಟಿದ್ದು ಬೀಳ್ಕೊಡುಗೆ ಸಮಾರಂಭದಲ್ಲಿ. ಅದೇ ದಿನ ನಿವೃತ್ತನಾದ ಪಕ್ಕದ ಸೆಕ್ಷನ್ನಿನವನೊಬ್ಬ ಮೈಕ್ ಹಿಡಿದು, "ನಾನು ಸಿಂಗಪುರಕ್ಕೆ ಹೋಗಿಬರ್ತೀನಿ" ಅಂದ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಮೈಕ್ ವಿಶ್ವನಾಥರ ಕೈಗೆ ಬಂತು.

"ನಾನು ಯುರೋಪಿಗೆ. ಐದು ದೇಶ, ಐದು ಮ್ಯೂಸಿಯಂ. ಮಹಾನ್ ಕಲಾವಿದರ ಕೃತಿಗಳನ್ನ ಕಣ್ಣಾರೆ ನೋಡದೆ ಮನುಷ್ಯ ಸಾಯಬಾರದು" ಅಂದುಬಿಟ್ಟರು.

ಆ ಗಳಿಗೆಯವರೆಗೆ ಅವರು ಕಣ್ಣಾರೆ ನೋಡಿದ್ದ ಮಹಾನ್ ಕೃತಿ ಎಂದರೆ ಬಂಗಾರಪೇಟೆಯ ಬೇಕರಿಯೊಂದರ ಗೋಡೆ ಮೇಲಿದ್ದ ಜೋಡಿ ಹಂಸ.

ಆದರೆ ದೇವರಾಣೆಗೂ ಹೇಳುತ್ತೇನೆ, ಮಾತು ಆಡಿದ ಮೇಲೆ ಆ ಮನುಷ್ಯನಿಗೆ ಅದು ನಿಜವಾಗಿಯೂ ಹತ್ತಿಕೊಂಡಿತು. ಲೈಬ್ರರಿಯಿಂದ ಪುಸ್ತಕ ತಂದರು, ಮೊಬೈಲಿನಲ್ಲಿ ಕಣ್ಣು ಕೆಂಪಾಗುವವರೆಗೆ ಚಿತ್ರ ನೋಡಿದರು. ಮೂವತ್ತನಾಲ್ಕು ವರ್ಷ ಬರೀ ಬೋಲ್ಟು ಬರೆದ ಕೈಗೆ, ಬೋಲ್ಟಲ್ಲದ ಏನನ್ನಾದರೂ ಬರೆದವರನ್ನು ಒಮ್ಮೆ ಹತ್ತಿರದಿಂದ ನೋಡಬೇಕು ಅನ್ನುವ ಆಸೆ ಬಂತು. ಏಜೆಂಟನ ಹತ್ತಿರ ಟಿಕೆಟ್ಟಿಗೆ ಹೇಳಿಟ್ಟಿದ್ದೂ ಆಯಿತು. ಇಂದ್ರಾಣಿಯ ಪಾಸ್‌ಪೋರ್ಟು ಬಂದು ದೇವರ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ವಿಶ್ವನಾಥರದು ಮಾತ್ರ ಬಾಕಿ. ಪೊಲೀಸಿನವರು ಬಂದು ಅಕ್ಕಪಕ್ಕದವರನ್ನು ವಿಚಾರಿಸಿ, ಇಬ್ಬರ ಸಹಿ ಪಡೆದು, 'ಮನುಷ್ಯ ಒಳ್ಳೆಯವನು' ಎಂದು ಬರೆಯಬೇಕಿತ್ತು. ಅದೊಂದು ಆದರೆ ಪ್ಯಾರಿಸ್. ಆಗದಿದ್ದರೆ ಮಫ್ಲರ್ ಬಿಚ್ಚಿ, ತಲೆ ತಗ್ಗಿಸಿ, ಸಿಂಗಪುರದವನ ಫೋಟೋ ನೋಡುತ್ತಾ ಕೂರಬೇಕು.

ಪ್ರವಾಸದ ತಯಾರಿಯನ್ನು ಅವರು ಮಾಡಿದ್ದು ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. ಐದು ಮ್ಯೂಸಿಯಮ್ಮಿಗೆ ಐದು ದೊಡ್ಡ ಹಾಳೆ, ಅಳತೆಗೆ ತಕ್ಕ ನಕ್ಷೆ. ಪ್ರತಿ ಬಾಗಿಲು, ಪ್ರತಿ ಮೆಟ್ಟಿಲು, ಪ್ರತಿ ತಿರುವು. ಅಲ್ಲಲ್ಲಿ ಕೆಂಪು ಸುತ್ತು, ಅಲ್ಲಲ್ಲಿ ನೀಲಿ ತ್ರಿಕೋನ, ಕಾವಲುಗಾರ ಕೂರುವ ಜಾಗದಲ್ಲಿ 'ಕಾ' ಎಂಬ ಅಕ್ಷರ. ಪ್ಯಾರಿಸ್ ಹಾಳೆಯ ಅಂಚಿನಲ್ಲಿ ಹೀಗಿತ್ತು: "ಮಂಗಳವಾರ ರಜಾ. ಮೊ.ಲಿ. ಅಳತೆ ಎರಡೂವರೆ ಅಡಿ ಎತ್ತರ, ಒಂದೂಮುಕ್ಕಾಲು ಅಡಿ ಅಗಲ. ಎಡ ಬಾಗಿಲಿಂದ ಒಳಗೆ, ಏಳು ನಿಮಿಷ, ಬಲ ಬಾಗಿಲಿಂದ ಹೊರಗೆ. ತಡವಾದರೆ ಅನಾಹುತ." ಕೆಳಗೆ ಮೂಲೆಯ ಚೌಕದಲ್ಲಿ, ಕಾರ್ಖಾನೆಯ ಪದ್ಧತಿಯಂತೆ, "ರಚನೆ: ವಿಶ್ವನಾಥ್. ಪರಿಶೀಲನೆ: ಇಂದ್ರಾಣಿ." ಪರಿಶೀಲನೆಯ ಸಹಿ ಇಲ್ಲದ್ದನ್ನು ಅವರು ನಕ್ಷೆ ಎಂದೇ ಒಪ್ಪುತ್ತಿರಲಿಲ್ಲ. ಇಂದ್ರಾಣಿ ಸಾರು ಕುದಿಸುತ್ತಲೇ ಐದಕ್ಕೂ ಸಹಿ ಹಾಕಿದ್ದರು.

ಆ ಕೆಂಪು ಸುತ್ತು ಏನೆಂದು ಹೆಂಡತಿ ಕೇಳಿದಾಗ ವಿಶ್ವನಾಥ್ ಗಂಭೀರವಾಗಿ, "ಆಯಕಟ್ಟಿನ ಜಾಗಗಳು" ಅಂದಿದ್ದರು. ಅಸಲು ವಿಷಯ ಅವರಿಗೆ ಮತ್ತು ಅವರ ಸಕ್ಕರೆ ಕಾಯಿಲೆಗೆ ಮಾತ್ರ ಗೊತ್ತಿತ್ತು.

ಅನಾಹುತ ಶುರುವಾದದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ. ಬೆಂಗಳೂರಿನ ಏಜೆಂಟನಿಗೆ ನಕ್ಷೆ ತೋರಿಸಿ, ಅವನ ಬಾಯಿ ಮುಚ್ಚಿಸಿ, ಮಾರಿಕುಪ್ಪಂ ರೈಲಿನಲ್ಲಿ ವಾಪಸು ಬರುತ್ತಿದ್ದರು. ಬಂಗಾರಪೇಟೆಯಲ್ಲಿ ರೈಲು ನಿಂತಿತು. ಸಕ್ಕರೆ ಕಾಯಿಲೆ ಕರೆಯಿತು. ಇಳಿದರು. ಅವರು ಹಗುರಾಗಿ ವಾಪಸು ಬರುವಷ್ಟರಲ್ಲಿ ರೈಲು ಮಾರಿಕುಪ್ಪಂ ದಾರಿ ಹಿಡಿದಿತ್ತು, ನಕ್ಷೆಗಳನ್ನು ಸುತ್ತಿಟ್ಟು ಸೀಟಿನ ಮೇಲೆ ಬಿಟ್ಟಿದ್ದ ಕೊಳವೆ ಸಮೇತ.

ಅದೇ ಬೋಗಿಯಲ್ಲಿ ಸೆಲ್ವರಾಜ್ ಇದ್ದರು. ಇವರು ವಿಶ್ವನಾಥರ ಎದುರು ಮನೆಯವರು. ಇಪ್ಪತ್ತಾರು ವರ್ಷ ಗಣಿಯ ಗೇಟಿನಲ್ಲಿ ಕಾವಲಿದ್ದು, ಪಾಳಿ ಮುಗಿಸಿ ಮೇಲೆ ಬಂದವರ ಜೇಬು, ಬೂಟು, ಬಾಯಿ, ಪೇಟ ಎಲ್ಲ ತಡಕಿದವರು. ಯಾವ ಗಣಿ, ಯಾವ ಗೇಟು ಎಂದು ಹೆಸರು ಬೇಡ. ಮುಚ್ಚಿ ಇಪ್ಪತ್ತು ವರ್ಷ ದಾಟಿದೆ, ಈಗ ಅದರ ಮೇಲೆ ಮಾತು ಯಾಕೆ? "ನನ್ ಗೇಟಿಂದ ಒಂದ್ ಗುಂಜಿ ಅದಿರು ಆಚೆ ಓಗಿಲ್ಲ" ಎಂಬುದು ಅವರ ಬೆಳಗಿನ ಮಾತೂ ಹೌದು, ಸಂಜೆಯ ಮಾತೂ ಹೌದು. ಅದಕ್ಕೆ ಸಾಕ್ಷಿಯಾಗಿ ಒಂದು ಸರ್ಟಿಫಿಕೇಟು ಅವರ ನಡುಮನೆಯ ಗೋಡೆಯಲ್ಲಿ ದೇವರ ಪಟಗಳಿಗಿಂತ ಒಂದು ಗೇಣು ಮೇಲೆ ತೂಗುತ್ತಿತ್ತು.

ವಾರಸುದಾರನಿಲ್ಲದ ಕೊಳವೆ ಕಂಡರೆ ಇಂಥವರು ಬಿಟ್ಟಾರೆಯೇ? ಬಿಚ್ಚಿದರು. ಓದಿದರು. ಕೋರಮಂಡಲ್ ಸ್ಟೇಷನ್ ಬರುವಷ್ಟರಲ್ಲಿ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ನೋಡಕ್ಕೆ ಓಗೋನು ಬಾಗಿಲು ಯಾಕ್ ಎಣಿಸ್ತಾನೆ? ಕಾವಲುಗಾರ ಎಲ್ಲಿ ಕೂತವ್ನೆ ಅಂತ ಯಾಕ್ ಬರ್ಕೊತಾನೆ?" ಎಂದು ತಮ್ಮನ್ನು ತಾವೇ ಕೇಳಿಕೊಂಡರು. ಬೇರೆ ಊರಿನವರಾಗಿದ್ದರೆ ಇದೊಂದು ಹುಚ್ಚು ಎಂದು ಸುಮ್ಮನಾಗುತ್ತಿದ್ದರು. ಚಿನ್ನದ ಗೇಟಿನಲ್ಲಿ ಕಾಲು ಶತಮಾನ ನಿಂತವರಿಗೆ ಇಂಥ ಕಾಗದದ ಅರ್ಥ ಒಂದೇ. ಐದು ಹಾಳೆಗೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಸಂಜೆ ಕೊಳವೆ ಹಿಡಿದು ಎದುರು ಮನೆಗೆ ಬಂದರು.

"ಅಬ್ಬಾ! ಜೀವ ಬಂತು ಸೆಲ್ವರಾಜ್. ಇದು ಕಳೆದಿದ್ರೆ ಎಂಟು ತಿಂಗಳ ಕೆಲಸ ಮಣ್ಣಾಗ್ತಿತ್ತು" ಎಂದು ವಿಶ್ವನಾಥ್ ಕೊಳವೆಯನ್ನು ಎದೆಗೊತ್ತಿಕೊಂಡರು.

"ಎಂಟು ತಿಂಗ್ಳಾ ಸಾರ್!" ಸೆಲ್ವರಾಜ್ ಬೆರಳಲ್ಲಿ ಎಣಿಸಿದರು. "ಆ ಮೊ.ಲಿ. ಅಂದ್ರೆ ಏನ್ ಸಾರ್?"

"ಮೊನಾ ಲಿಸಾ. ಜಗತ್ತಿನಲ್ಲಿ ಯಾರಿಗೂ ಬೆಲೆ ಕಟ್ಟಕ್ಕಾಗಿಲ್ಲ."

"ಕಾವಲು ಜೋರಿರ್ಬೇಕು."

"ಜೋರೇ. ಗಾಜಿನ ಹಿಂದೆ ಇಟ್ಟಿದಾರೆ. ಹಾಗಂತ ಏನು? ನೂರು ವರ್ಷದ ಹಿಂದೆ ಅಲ್ಲೇ ಕೆಲಸ ಮಾಡಿದ್ದೋನೊಬ್ಬ ಅದನ್ನ ಬಟ್ಟೆ ಒಳಗೆ ಇಟ್ಕೊಂಡು ಬಾಗಿಲಲ್ಲೇ ನಡ್ಕೊಂಡು ಹೋಗಿಬಿಟ್ಟ! ಎಂಥಾ ಎದೆಗಾರಿಕೆ ನೋಡಿ" ಎಂದು ವಿಶ್ವನಾಥ್ ಓದಿದ್ದನ್ನೆಲ್ಲ ಒಪ್ಪಿಸುವ ಹುರುಪಿನಲ್ಲಿ ತೊಡೆ ತಟ್ಟಿದರು.

ಸೆಲ್ವರಾಜ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅಮ್ಮಾವ್ರೂ ಬತ್ತಾರಾ ಸಾರ್?"

"ಅವಳಿಲ್ಲದೆ ಆಗುತ್ತಾ? ಪರಿಶೀಲನೆ ಎಲ್ಲಾ ಅವಳದೇ."

ಒಳಗಿನಿಂದ ಇಂದ್ರಾಣಿ ಕೈಯಲ್ಲಿ ಸೌಟು ಹಿಡಿದು ಬಂದು ನಕ್ಕರು. ಸೆಲ್ವರಾಜ್ ಹಿಂದಕ್ಕೆ ಹೆಜ್ಜೆ ಇಟ್ಟವರು ಗೇಟಿನವರೆಗೂ ಹಿಂದುಹಿಂದಾಗಿಯೇ ಹೋದರು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ವೆಂಕಟರತ್ನಮ್ಮ ಹಾಲಿನ ಪಾತ್ರೆ ಸಮೇತ ಅಡುಗೆಮನೆಗೆ ನುಗ್ಗಿದರು. "ಅಯ್ಯೋ ದೇವುಡಾ! ಇಂದ್ರಾಣೀ, ಮೂವತ್ತು ವರ್ಸ ಪಕ್ಕದಾಗಿದ್ದೀನಿ, ಒಂದ್ ಮಾತು ಏಳ್ಲಿಲ್ವಲ್ಲೇ ನೀನು!"

"ಏನನ್ನ ಅಕ್ಕಾ?"

"ಆ ಫಾರಿನ್ ಅಮ್ಮನ ಬೊಮ್ಮೆ ಕದಿಯಾಕೆ ಓಗ್ತಾ ಇದ್ದೀರಂತೆ! ನಿನ್ ಸೈನೂ ಐತಂತೆ!"

ಇಂದ್ರಾಣಿ ಕೂತ ಮಣೆಯಿಂದ ಏಳಲೇ ಇಲ್ಲ. ಅವರಿಗೆ ಮೊದಲು ನಗು ಬಂತು, ಆಮೇಲೆ ಸಾರು ಕುದಿಸುತ್ತಾ ಹಾಕಿದ ಸಹಿ ನೆನಪಾಯಿತು, ಆಮೇಲೆ 'ಆಯಕಟ್ಟಿನ ಜಾಗಗಳು' ನೆನಪಾಯಿತು. ನಗು ನಿಂತಿತು. ವೆಂಕಟರತ್ನಮ್ಮ ಎದ್ದು ಹೋಗುವಾಗ, ತಾವು ಕೊಟ್ಟಿದ್ದ ಇಡ್ಲಿ ತಟ್ಟೆಯನ್ನು ಮರೆಯದೆ ವಾಪಸು ಎತ್ತಿಕೊಂಡು ಹೋದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಚಾಂಪಿಯನ್ ರೀಫ್ಸ್ ಗಣಿಯ ಕೇರಿ ಮುಟ್ಟಿತ್ತು. ಎಲ್ಲರೂ ಹೆದರಿದರು ಎಂದರೆ ಸುಳ್ಳಾಗುತ್ತದೆ. ಅಲ್ಲಿನ ಹಳೆಯ ಸಾಲುಮನೆಯಿಂದ ಮುನಿರಾಜ್ ಎಂಬ ಎಪ್ಪತ್ತಾರರ ಮುದುಕ, ಒಂದು ಕಾಲದಲ್ಲಿ ಸೆಲ್ವರಾಜರ ಗೇಟಿನಲ್ಲಿಯೇ ದಿನಾ ಗಣಿಗೆ ಇಳಿದು ಹತ್ತಿದವನು, ಕೋಲೂರಿಕೊಂಡು ವಿಶ್ವನಾಥರನ್ನು ಹುಡುಕಿ ಬಂದ. ಕಣ್ಣಲ್ಲಿ ಭಕ್ತಿ ತುಂಬಿತ್ತು. ಕೈಯಲ್ಲಿ ನಾಲ್ಕು ಡಬ್ಬಿಯ ಹಿತ್ತಾಳೆ ಟಿಫನ್ ಕ್ಯಾರಿಯರ್.

"ಸಾಮೀ, ನೀವೇನೂ ಏಳ್ಬ್ಯಾಡಿ, ನಾನೇನೂ ಕೇಳಾಕಿಲ್ಲ. ನಮ್ಮೂರೋರು ಒಬ್ರು ಅಷ್ಟ್ ದೊಡ್ ಜಾಗಕ್ಕೆ ಕೈ ಆಕ್ತಾವ್ರೆ ಅಂತ ತಿಳೀತು, ಒಟ್ಟೆ ತುಂಬ್ತು. ಇದು ಅದಿನೆಂಟು ವರ್ಸ ನನ್ ಜತೆಗಿತ್ತು. ನಾನಂತೂ ಇನ್ನೆಲ್ಲೂ ಓಗಾಕಾಗಲ್ಲ. ಇದಾದ್ರೂ ಓಗಿ ಬರ್ಲಿ."

ವಿಶ್ವನಾಥರ ಕಣ್ಣು ಒದ್ದೆಯಾಯಿತು. ಕಲೆಯ ಬಗ್ಗೆ ಜನಸಾಮಾನ್ಯರಿಗೆ ಇಷ್ಟು ಗೌರವ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. "ಬುತ್ತಿ ತಗೊಂಡು ಹೋಗಕ್ಕೆ ಅನುಕೂಲ ಆಗುತ್ತೆ ಮುನಿರಾಜ್" ಅಂದರು.

"ಆಂ, ಬುತ್ತಿ, ಬುತ್ತಿ" ಎಂದು ಮುನಿರಾಜ್ ಕಣ್ಣು ಮಿಟುಕಿಸಿದ. "ಎಲ್ಲಾದಕ್ಕೂ ಕೆಳಗಿನ ಡಬ್ಬಿ ಬಲು ನಂಬಿಕಸ್ತ. ಅದ್ರಾಗೆ ಯಾವಾಗ್ಲೂ ವಡೆ ಇಕ್ಕಿ. ಗೇಟಾಗಿರೋನಿಗೆ ಮದ್ಲು ಒಂದು ವಡೆ ಕೊಡ್ಬೇಕು ಸಾಮಿ, ಮಾತು ಆಮ್ಯಾಕೆ. ವಡೆ ತಿನ್ನೋನು ಡಬ್ಬಿ ತಿರುಗಿಸಿ ನೋಡಾಕಿಲ್ಲ."

ಹಿರಿಯರ ಅನುಭವದ ಮಾತು. ಪರದೇಶದ ಮರ್ಯಾದೆ ಹೀಗಿರಬಹುದು ಎಂದುಕೊಂಡು ವಿಶ್ವನಾಥ್ ಅವನು ಹೋದ ಕೂಡಲೇ ಪ್ಯಾರಿಸ್ ಹಾಳೆ ಬಿಡಿಸಿ, ಅಂಚಿನಲ್ಲಿ ಅಂದವಾದ ಅಕ್ಷರದಲ್ಲಿ ಬರೆದರು: "ಕಾವಲುಗಾರರಿಗೆ ವಡೆ."

ಆ ಸಂಜೆ ಇಂದ್ರಾಣಿ ಊಟ ಬಡಿಸಲಿಲ್ಲ. ಸೌಟು ಹಿಡಿದು ನಿಂತು ಕೇಳಿಯೇಬಿಟ್ಟರು. "ನಿಜ ಏಳಿ. ನಾವು ನೋಡಾಕೆ ಓಗ್ತಾ ಇರೋದಾ, ತರಾಕಾ?"

ವಿಶ್ವನಾಥರ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು. ಊರಿಗೆಲ್ಲ ಗೊತ್ತಾದ ಮೇಲೆ ಅವರಿಗೆ ಗೊತ್ತಾದದ್ದು ಆಗಲೇ. ಇಡೀ ಬೀದಿ ತಮ್ಮನ್ನು ಕಳ್ಳ ಅಂದುಕೊಂಡಿದೆ! ಇನ್ನು ಪೊಲೀಸಿನವರು ಬಂದು ಇದೇ ಬೀದಿಯನ್ನು ಕೇಳಬೇಕು, 'ಮನುಷ್ಯ ಹೇಗೆ?' ಎಂದು. ಅವರು ಮಫ್ಲರ್ ಬಿಚ್ಚಿ ಗೂಟಕ್ಕೆ ನೇತುಹಾಕಿದರು.

ಕಾನ್‌ಸ್ಟೇಬಲ್ ನರೇಶ್ ಬಂದದ್ದು ಮರುದಿನ ಹತ್ತು ಗಂಟೆಗೆ. ಪಾಪ, ಆತ ಎರಡು ಸಹಿ ಪಡೆದು, ಒಂದು ಲೋಟ ಕಾಫಿ ಕುಡಿದು ಹೋಗಲು ಬಂದವನು. ಬಂದು ನೋಡಿದರೆ ವಿಶ್ವನಾಥರ ಜಗಲಿಯ ಮುಂದೆ ಬೀದಿಗೆ ಬೀದಿಯೇ ನಿಂತಿದೆ.

"ಪಾಸ್‌ಪೋರ್ಟ್ ವಿಚಾರಣೆ. ಇವರ ಮೇಲೆ ಯಾರದಾದ್ರೂ ದೂರು ಇದೆಯಾ?" ಎಂದು ಅಭ್ಯಾಸಬಲದಿಂದ ಕೇಳಿದ.

"ಐತೆ ಸಾರ್!" ಸೆಲ್ವರಾಜ್ ಮುಂದೆ ಬಂದು ಬೂಟಿಲ್ಲದ ಕಾಲಿನಲ್ಲೇ ಸೆಲ್ಯೂಟ್ ಹೊಡೆದರು. "ಐದ್ ಹಾಳೆ, ಐದ್ ದೇಶ. ಎಲ್ಲಾ ಬರ್ದವ್ರೆ. ಅಸಲು ಹಾಳೆ ತರ್ಸಿ, ಏನ್ ಕತೆ ಅಂತ ಕೇಳಿ."

ನರೇಶ್ ಕಾಫಿ ಕೆಳಗಿಟ್ಟ. ವಿಶ್ವನಾಥ್ ಪ್ಯಾರಿಸ್ ಹಾಳೆಯನ್ನು ಜಗಲಿಯ ಮೇಲೆ ಬಿಡಿಸಿದರು. ಕಾನ್‌ಸ್ಟೇಬಲ್ಲು ಅದರ ಮೇಲೆ ಬಗ್ಗಿ, "ಎಡ ಬಾಗಿಲಿಂದ ಒಳಗೆ, ಏಳು ನಿಮಿಷ, ಬಲ ಬಾಗಿಲಿಂದ ಹೊರಗೆ" ಎಂದು ಗಟ್ಟಿಯಾಗಿ ಓದಿ ತಲೆಯೆತ್ತಿದ. "ಏನ್ರೀ ಇದು?"

"ಅದು... ಕಲಾಯಾತ್ರೆ."

"ಈ ಕೆಂಪು ಸುತ್ತು?"

ವಿಶ್ವನಾಥ್ ಹಾಳೆಯ ಅಂಚು ಸುರುಳಿಯಾಗದಂತೆ ಒತ್ತಿ ಹಿಡಿದರು.

"ಕೆಂಪು ಸುತ್ತು ಏನು ಅಂತ ಕೇಳ್ದೆ. ಇಲ್ಲೇ ಹದಿನಾಲ್ಕಿವೆ."

ವಿಶ್ವನಾಥ್ ಬೀದಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಗೂಟದಲ್ಲಿದ್ದ ಮಫ್ಲರ್ ನೋಡಿದರು. ಬಾಯೊಳಗೇ ಏನೋ ಅಂದರು.

"ಗಟ್ಟಿಯಾಗಿ!"

"ಕಕ್ಕಸು ಕಣ್ರೀ!" ವಿಶ್ವನಾಥ್ ಕೂಗಿಯೇಬಿಟ್ಟರು. "ಐದು ದೇಶದ ಕಕ್ಕಸು! ಮುಕ್ಕಾಲು ಗಂಟೆಗೊಂದು ಸಲ ಹೋಗದಿದ್ರೆ ಆಗಲ್ಲ ನನಗೆ. ಮೊನಾ ಲಿಸಾ ಮುಂದೆ ಅಷ್ಟು ಜನ, ಸಿಕ್ಕಿಹಾಕ್ಕೊಂಡ್ರೆ ಏನು ಗತಿ? ಅದಕ್ಕೇ ಏಳು ನಿಮಿಷ, ಅದಕ್ಕೇ ಬಲ ಬಾಗಿಲು. ಆ ಬಾಗಿಲಿಂದ ನಲವತ್ತೇ ಹೆಜ್ಜೆ!"

ಬೀದಿ ಬಾಯಿ ಬಿಟ್ಟುಕೊಂಡು ನಿಂತಿತು.

"ಕಾವಲುಗಾರರ ಗುರುತು?"

"ಗುರುತು ತಪ್ಪಿದ್ರೆ ದಾರಿ ಕೇಳಕ್ಕೆ."

"ನೀಲಿ ತ್ರಿಕೋನ?" ಎಂದು ಕೇಳಿದ್ದು ನರೇಶ್ ಅಲ್ಲ, ಇಂದ್ರಾಣಿ. ಅವು ಮಹಾನ್ ಕೃತಿಗಳಿರುವ ಜಾಗ ಎಂದುಕೊಂಡು ಆಕೆ ಒಂದೊಂದಕ್ಕೂ ಅರಿಸಿನದ ಬೊಟ್ಟು ಇಟ್ಟಿದ್ದರು.

"ಬೆಂಚು" ಅಂದರು ವಿಶ್ವನಾಥ್. "ನಿನ್ನ ಮಂಡಿಗೆ. ಐದೂ ಕಡೆ ಸೇರಿ ನಲವತ್ತೊಂದು ಇವೆ."

ಇಂದ್ರಾಣಿ ಸೌಟು ಕೆಳಗಿಟ್ಟರು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಆ ಮನುಷ್ಯ ಒಂದು ಸೀರೆಯನ್ನೂ ಸರಿಯಾದ ಬಣ್ಣದಲ್ಲಿ ತಂದಿರಲಿಲ್ಲ. ಆಕೆಗೆ ಅಳು ಬಂದುಬಿಟ್ಟಿತು.

"ನಂಗೂ ಸುಗರ್ರೇನಪ್ಪಾ, ಪಾಪ!" ಎಂದು ವೆಂಕಟರತ್ನಮ್ಮ ಕಣ್ಣೊರೆಸಿಕೊಂಡು ಮುಂದೆ ಬಂದು ಮೊದಲ ಸಹಿ ಹಾಕಿದರು. ಹಾಕಿ, "ತಿರುಪತಿಗೂ ಇಂಗೇ ಒಂದು ಬರ್ಕೊಡು" ಅಂದರು.

ಬೀದಿ ನಗತೊಡಗಿತು. ನರೇಶ್ ಪೆನ್ನನ್ನು ಸೆಲ್ವರಾಜರ ಕಡೆ ಚಾಚಿದ. ಸೆಲ್ವರಾಜ್ ಕೈ ಕಟ್ಟಿಕೊಂಡರು.

"ಕಳ್ಳನೂ ಕಕ್ಕಸಿಗೆ ಓಗ್ತಾನೆ ಸಾರ್. ಇಪ್ಪತ್ತಾರ್ ವರ್ಷ ಗೇಟಲ್ಲಿದ್ದೋನು ನಾನು. ಒಂದ್ ಗುಂಜಿ ಆಚೆ ಓಗಿಲ್ಲ. ನಾನ್ ಸೈನ್ ಆಕಲ್ಲ."

ನಗು ನಿಂತುಹೋಯಿತು. ಎದುರು ಮನೆಯವನೇ ಹೀಗಂದ ಮೇಲೆ ಇನ್ನೇನು? ನರೇಶ್ ಕಾಗದದ ಮೇಲೆ ಏನೋ ಬರೆಯಲು ಬಗ್ಗಿದ. ವಿಶ್ವನಾಥರಿಗೆ ಪ್ಯಾರಿಸ್ಸು ತಮ್ಮ ಕಣ್ಣೆದುರೇ ಆ ಪೆನ್ನಿನ ತುದಿಯಲ್ಲಿ ಮುಳುಗುವುದು ಕಾಣಿಸಿತು. ಆಗ ಕಾನ್‌ಸ್ಟೇಬಲ್ಲನ ಕಣ್ಣು ಹಾಳೆಯ ಅಂಚಿಗೆ ಬಿತ್ತು.

"ಇದೇನ್ರೀ ಇನ್ನೊಂದು? 'ಕಾವಲುಗಾರರಿಗೆ ವಡೆ.'"

ಸೆಲ್ವರಾಜ್ ಕಟ್ಟಿದ ಕೈ ಬಿಚ್ಚಿದರು. "ಏನಂದ್ರಿ?"

"ವಡೆ ಅಂತ ಬರೆದಿದೆ."

"ವಡೆನಾ? ಈ ಮಾತು ಏಳ್ಕೊಟ್ಟಿದ್ದು ಯಾರು ಸಾರ್?"

"ಮುನಿರಾಜ್" ಅಂದರು ವಿಶ್ವನಾಥ್, ಪೆಚ್ಚಾಗಿ. "ಕ್ಯಾರಿಯರ್ ಕೊಟ್ಟು ಹೇಳಿದ. ಪಾಪ, ಒಳ್ಳೇ ಮನುಷ್ಯ."

ಇಂದ್ರಾಣಿ ಒಳಗಿನಿಂದ ಕ್ಯಾರಿಯರ್ ತಂದು ಜಗಲಿಯ ಮೇಲಿಟ್ಟರು. ಸೆಲ್ವರಾಜ್ ಅದನ್ನು ನೋಡಿದ ಕೂಡಲೇ ಗುರುತು ಹಿಡಿದರು. ಮುಚ್ಚಳದ ತಗ್ಗು, ಹಿಡಿಯ ಮೇಲೆ ಮೊಳೆಯಿಂದ ಕುಟ್ಟಿದ 'ಮು' ಎಂಬ ಅಕ್ಷರ. ಹದಿನೆಂಟು ವರ್ಷ ದಿನಾ ತಮ್ಮ ಕೈಯಾರೆ ಬಿಚ್ಚಿ, ಮೂಸಿ, ಮುಚ್ಚಿ ಕಳಿಸಿದ ಕ್ಯಾರಿಯರ್. ಮೆಲ್ಲಗೆ ಕೆಳಗಿನ ಡಬ್ಬಿ ತೆಗೆದರು. ತಲೆಕೆಳಗು ಮಾಡಿದರು. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು, ಎರಡನೇ ಸಲ ತಟ್ಟಿದರು. ಎಡಕ್ಕೆ ತಿರುವಿದರು.

ತಳ ಕಳಚಿ ಕೈಗೆ ಬಂತು. ಅದರ ಕೆಳಗೆ ಇನ್ನೊಂದು ತಳ ಇತ್ತು. ಎರಡರ ನಡುವೆ ಒಂದು ಬೆರಳು ಜಾಗ, ಅದರಲ್ಲಿ ಒಂದು ಚಿಟಿಕೆ ಅದಿರಿನ ಬೂದು ಪುಡಿ.

ಜೀವಮಾನದಲ್ಲಿ ಯಾರ ಮುಖವೂ ಅಷ್ಟು ಬೇಗ ಅಷ್ಟು ಹಳತಾದದ್ದನ್ನು ವಿಶ್ವನಾಥ್ ನೋಡಿರಲಿಲ್ಲ. ಸೆಲ್ವರಾಜ್ ಗುಂಪಿನಲ್ಲಿ ಕಣ್ಣಾಡಿಸಿದರು. ಹಿಂದೆ ಕೋಲೂರಿಕೊಂಡು ಮುನಿರಾಜ್ ನಿಂತಿದ್ದ.

"ದಿನಾ ಒಂದ್ ವಡೆ ಕೊಡ್ತಿದ್ದೆ ನೀನು" ಅಂದರು ಸೆಲ್ವರಾಜ್. "ನನ್ ಮೇಲೆ ಪ್ರೀತಿ ಅಂದ್ಕೊಂಡಿದ್ನಲ್ಲಪ್ಪಾ."

"ಪ್ರೀತೀನೂ ಇತ್ತಣ್ಣಾ" ಅಂದ ಮುನಿರಾಜ್.

ಕಾನ್‌ಸ್ಟೇಬಲ್ ನರೇಶನಿಗೆ ಏನೂ ಅರ್ಥವಾಗಿರಲಿಲ್ಲ. ಗಣಿ ಮುಚ್ಚಿದಾಗ ಅವನು ತೊಟ್ಟಿಲಲ್ಲಿದ್ದ. "ಏನ್ ಸೆಲ್ವರಾಜಣ್ಣ, ಡಬ್ಬೀಲಿ ಏನಾದ್ರೂ ಇದೆಯಾ? ಹಾಗಾದ್ರೆ ಅದನ್ನೂ ಬರ್ಕೊಂಡು, ಯಾವ ಗೇಟು, ಯಾರ ಕಾವಲು ಅಂತ ಎಲ್ಲಾ ಸೇರಿಸಿ..."

ಸೆಲ್ವರಾಜ್ ತಳವನ್ನು ವಾಪಸು ಬಲಕ್ಕೆ ತಿರುವಿ ಭದ್ರ ಮಾಡಿದರು. ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿದರು. ಹಿಡಿ ಕೂಡಿಸಿದರು.

"ಏನೂ ಇಲ್ಲ ಸಾರ್. ಬುತ್ತಿ ಡಬ್ಬಿ. ಪೆನ್ನು ಕೊಡಿ."

ಸಹಿ ಹಾಕಿದರು. ಅದರ ಕೆಳಗೆ ಕೇಳದಿದ್ದರೂ "ಮನುಷ್ಯ ಬಹಳ ಒಳ್ಳೆಯವರು" ಎಂದು ಬರೆದರು. ನರೇಶ್ ಆರಿದ ಕಾಫಿ ಕುಡಿದು ಹೋದ. ಬೀದಿ ಕರಗಿತು. ಇಂದ್ರಾಣಿ ಮಫ್ಲರನ್ನು ಗೂಟದಿಂದ ತೆಗೆದು ಗಂಡನ ಕುತ್ತಿಗೆಗೆ ತಾವೇ ಸುತ್ತಿದರು.

ಸೆಲ್ವರಾಜ್ ಮಾತ್ರ ಜಗಲಿಯ ಮೇಲೆ ಕ್ಯಾರಿಯರ್ ಪಕ್ಕದಲ್ಲೇ ಕೂತಿದ್ದರು. ಎದುರಿಗೆ ಅವರ ಮನೆ, ತೆರೆದ ಬಾಗಿಲು, ಗೋಡೆಯ ಮೇಲೆ ಸರ್ಟಿಫಿಕೇಟು. ಬಹಳ ಹೊತ್ತಾದ ಮೇಲೆ ಎದ್ದು, ಪಂಚೆ ಕೊಡವಿಕೊಂಡು, ವಿಶ್ವನಾಥರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದರು.

"ಸಾರ್, ಆ ಪ್ಯಾರಿಸ್ ಗೇಟಲ್ಲಿ ಕೂತಿರ್ತಾರಲ್ಲ, ಪಾಪ, ನಮ್ಮಂತೋರು. ಅವ್ರಿಗೆ ನಾನ್ ಏಳ್ದೆ ಅಂತ ಒಂದ್ ಮಾತು ಏಳ್ಬಿಡಿ. ಯಾರು ಎಷ್ಟ್ ಪ್ರೀತಿಯಿಂದ ಕೊಟ್ರೂ, ವಡೆ ಮಾತ್ರ ತಿನ್ಬೇಡಿ ಅಂತ."